ನಾಲ್ಕು ಫೈಲು, ಒಂದೇ ಮನೆ: ಸಮಾಜಕಾರ್ಯ ಓದುವವರಿಗೆ ಕಾನೂನು ಯಾಕೆ?

ಪ್ರಶ್ನೆ: ನಾನು ಎಂಎಸ್‌ಡಬ್ಲ್ಯೂ ಮೂರನೇ ಸೆಮಿಸ್ಟರ್ ವಿದ್ಯಾರ್ಥಿನಿ. ಈ ಸಲ ಮಕ್ಕಳ ಮತ್ತು ಕುಟುಂಬ ಕಾನೂನಿನ ಪೇಪರ್ ಇದೆ. ನೋಟ್ಸ್ ತುಂಬಾ ಬರೀ ಸೆಕ್ಷನ್‌ಗಳು, ಎಷ್ಟು ಬಾಯಿಪಾಠ ಮಾಡಿದರೂ ಮರೆತುಹೋಗುತ್ತವೆ. ಇದೆಲ್ಲ ವಕೀಲರ ಕೆಲಸ ಅಲ್ವಾ, ನಮಗೆ ಯಾಕೆ ಅನ್ನಿಸುತ್ತದೆ. ಇದರ ನಡುವೆ ಫೀಲ್ಡ್‌ವರ್ಕ್‌ಗೆ ಜಿಲ್ಲಾ ಮಕ್ಕಳ ರಕ್ಷಣಾ ಘಟಕಕ್ಕೆ ಹಾಕಿದ್ದಾರೆ. ಮುಂದಿನ ವಾರ ಪರಿವೀಕ್ಷಣಾಧಿಕಾರಿ (ಪ್ರೊಬೇಷನ್ ಆಫೀಸರ್) ಜೊತೆ 16 ವರ್ಷದ ಒಬ್ಬ ಹುಡುಗನ ಮನೆಗೆ ಹೋಗಿ, ಸಾಮಾಜಿಕ ತನಿಖಾ ವರದಿಗೆ ಸಹಾಯ ಮಾಡಬೇಕು. ಅಂಗಡಿಯಲ್ಲಿ ಮೊಬೈಲ್ ಕದ್ದ ಆರೋಪ. ಎಲ್ಲಿಂದ ಶುರು ಮಾಡಲಿ, ಮೇಡಂ?

ಉತ್ತರ: ಪರೀಕ್ಷೆಯ ಮಾತು ಆಮೇಲೆ. ಮೊದಲು ಆ ಹುಡುಗನ ಮನೆಗೆ ಹೋಗೋಣ. ನಿಮ್ಮ ಮೊದಲ ಪ್ರಶ್ನೆಗೂ ಅಲ್ಲೇ ಉತ್ತರ ಸಿಗುತ್ತದೆ.

ನಾನು ಹಲವು ವರ್ಷ ಪರಿವೀಕ್ಷಣಾಧಿಕಾರಿಯಾಗಿದ್ದೆ. ಆಮೇಲೆ, ಅಪರಾಧದ ಆರೋಪ ಹೊತ್ತ ಮಕ್ಕಳ ಕೇಸು ನೋಡುವ ಬಾಲ ನ್ಯಾಯ ಮಂಡಳಿಯಲ್ಲಿ ಸದಸ್ಯೆಯಾಗಿ ಕೂತೆ. ಈಗ ಪಾಠ ಮಾಡುತ್ತೇನೆ. ಮೂರೂ ಕಡೆ ಇದ್ದು ನೋಡಿದ ಮೇಲೆ ನನಗೆ ಗಟ್ಟಿಯಾಗಿ ಅನ್ನಿಸಿದ್ದು ಇದು: ಬಾಲ ನ್ಯಾಯ ಕಾಯ್ದೆಯ ನಟ್ಟನಡುವೆ ಒಂದು ಜಾಗ ಖಾಲಿ ಇದೆ. ಅದನ್ನು ಬೇಕೆಂದೇ ಖಾಲಿ ಬಿಟ್ಟಿದ್ದಾರೆ. ಪೊಲೀಸರು ಏನಾಯಿತು ಅಂತ ಹೇಳುತ್ತಾರೆ. ವಕೀಲರು ಯಾವ ಸೆಕ್ಷನ್ ಅಂತ ಹೇಳುತ್ತಾರೆ. ಈ ಮಗು ಯಾರು, ಎಂಥ ಮನೆಯಿಂದ ಬಂತು, ನಾಳೆ ಎಲ್ಲಿಗೆ ಹೋಗುತ್ತದೆ? ಇದನ್ನು ಹೇಳುವವರು ಬೇಕು. ಅದೇ ಸಾಮಾಜಿಕ ತನಿಖಾ ವರದಿ. ಅದನ್ನು ಬರೆಯುವ ಕೈ ನಿಮ್ಮದು.

ಮಂಡಳಿ ಹೇಗಿದೆ ನೋಡಿ. ಒಬ್ಬರು ಪ್ರಧಾನ ಮ್ಯಾಜಿಸ್ಟ್ರೇಟ್, ಇಬ್ಬರು ಸಮಾಜ ಕಾರ್ಯಕರ್ತರು. ಆ ಇಬ್ಬರಲ್ಲಿ ಒಬ್ಬರಾದರೂ ಮಹಿಳೆ ಇರಬೇಕು. ಮೂವರಲ್ಲಿ ಅಭಿಪ್ರಾಯ ಬೇರೆಯಾದರೆ ಬಹುಮತ ಯಾವ ಕಡೆಗೋ ಅದೇ ಆದೇಶ. ಅಂದರೆ ಇಬ್ಬರು ಸಮಾಜ ಕಾರ್ಯಕರ್ತರು ಒಂದಾದರೆ ಮ್ಯಾಜಿಸ್ಟ್ರೇಟ್ ಮಾತನ್ನೂ ಮೀರಬಹುದು. ಹೊಸದಾಗಿ ಬಂದ ಎಷ್ಟೋ ಸದಸ್ಯರಿಗೇ ಇದು ಗೊತ್ತಿರುವುದಿಲ್ಲ. ಮ್ಯಾಜಿಸ್ಟ್ರೇಟ್ ಹೇಳಿದ್ದಕ್ಕೆ ಸುಮ್ನೆ ತಲೆಯಾಡಿಸಿ ಸಹಿ ಹಾಕುತ್ತಾರೆ. ಪೋಷಣೆ ಮತ್ತು ರಕ್ಷಣೆ ಬೇಕಾದ ಮಕ್ಕಳ ವಿಷಯ ನೋಡುವ ಮಕ್ಕಳ ಕಲ್ಯಾಣ ಸಮಿತಿಯಲ್ಲಿ ಅಧ್ಯಕ್ಷರು ಮತ್ತು ನಾಲ್ಕು ಸದಸ್ಯರು. ಅವರಲ್ಲಿ ಯಾರೂ ನ್ಯಾಯಾಧೀಶರಾಗಿರಬೇಕಿಲ್ಲ. ಆದರೂ ಕಾನೂನು ಆ ಸಮಿತಿಗೆ ಮ್ಯಾಜಿಸ್ಟ್ರೇಟ್ ಅಧಿಕಾರ ಕೊಟ್ಟಿದೆ. ಇನ್ನು ಕೆಲವು ವರ್ಷಕ್ಕೆ ಆ ಕುರ್ಚಿಯಲ್ಲಿ ನೀವೇ ಕೂರಬಹುದು. ಅದಕ್ಕೇ ಕೇಳುತ್ತೇನೆ, ಇದು ಬರೀ ವಕೀಲರ ಕೆಲಸ ಹೇಗಾದೀತು?

ಈಗ ಓದುವ ಕ್ರಮ. ಕಾಯ್ದೆಯನ್ನು ಸೆಕ್ಷನ್ 1ರಿಂದ ಓದಬೇಡಿ. 2016ರ ಬಾಲ ನ್ಯಾಯ ಮಾದರಿ ನಿಯಮಗಳ ಕೊನೆಯಲ್ಲಿ ನಮೂನೆಗಳಿವೆ. ಅದರಲ್ಲಿ ನಮೂನೆ 6 ತೆಗೆಯಿರಿ. ಆರೋಪ ಹೊತ್ತ ಮಗುವಿನ ಸಾಮಾಜಿಕ ತನಿಖಾ ವರದಿ ಅದರಲ್ಲೇ ಬರೆಯುವುದು. ಒಂದೊಂದು ಕಾಲಂ ನೋಡುತ್ತಾ 'ಇದನ್ನು ಯಾಕೆ ಕೇಳಿದ್ದಾರೆ' ಅಂತ ಯೋಚಿಸಿ, ಆಮೇಲೆ ಕಾಯ್ದೆಯ ಕಡೆ ತಿರುಗಿ. ಶಾಲೆ ಬಿಟ್ಟಿದ್ದು ಯಾಕೆ ಅನ್ನುವ ಕಾಲಂ ಒಂದಿದೆ. ಅದರ ಕೆಳಗೆ ಕಾರಣಗಳ ಉದ್ದ ಪಟ್ಟಿಯೇ ಇದೆ: ಮನೆಗೆ ದುಡಿದು ಹಾಕಲು, ಶಾಲೆಯಲ್ಲಿ ಹೊಡೆತ, ಅವಮಾನ, ಕಲಿಸುವ ಭಾಷೆ, ಹೀಗೆ. ಅವಸರದಲ್ಲಿರುವವರು 'ಆಸಕ್ತಿ ಇಲ್ಲ' ಅನ್ನುವುದಕ್ಕೆ ಟಿಕ್ ಹಾಕಿ ಮುಂದೆ ಹೋಗುತ್ತಾರೆ. ಹಾಗೆ ಮಾಡಬೇಡಿ. ಮನೆಯಲ್ಲಿ ತೆಲುಗೋ ಉರ್ದುವೋ ಆಡುವ ಹುಡುಗನನ್ನು ಆರನೇ ಕ್ಲಾಸಿನಲ್ಲಿ ಇಂಗ್ಲಿಷ್ ಮೀಡಿಯಂಗೆ ಹಾಕಿದ್ದರೆ, ಅವನಿಗೆ ಆಸಕ್ತಿ ಇಲ್ಲದ್ದಲ್ಲ, ಪಾಠ ಅರ್ಥ ಆಗದೆ ಹೋದದ್ದು. ಈ ಎರಡು ಕಾರಣಗಳಿಗೆ ಮಂಡಳಿ ಮಾಡುವ ವ್ಯವಸ್ಥೆಯೂ ಬೇರೆ ಬೇರೆ.

ನಿಮ್ಮ ಹುಡುಗನ ಕೇಸಿಗೆ ಬರೋಣ. ಅಂಗಡಿಯಲ್ಲಿ ಮೊಬೈಲ್ ಎತ್ತಿದ್ದನ್ನು ಸಾದಾ ಕಳವು ಅಂತ ದಾಖಲಿಸಿದ್ದಾರಾ ಅಂತ ಮೊದಲು ಫೈಲಿನಲ್ಲಿ ನೋಡಿ. ಹೊಸ ಭಾರತೀಯ ನ್ಯಾಯ ಸಂಹಿತೆಯಲ್ಲಿ ಸಾದಾ ಕಳವಿಗೆ ಹೆಚ್ಚೆಂದರೆ 3 ವರ್ಷ ಶಿಕ್ಷೆ. ಹೆಚ್ಚೆಂದರೆ 3 ವರ್ಷ ಅನ್ನುವ ಅಪರಾಧಗಳು ಬಾಲ ನ್ಯಾಯ ಕಾಯ್ದೆಯಲ್ಲಿ ಸಣ್ಣ ಅಪರಾಧಗಳು. ಇದಕ್ಕೆ ಎಫ್‌ಐಆರ್ ಹಾಕುವಂತಿಲ್ಲ. ಘೋರ ಅಪರಾಧವಾಗಿದ್ದರೆ (ಕನಿಷ್ಠ ಶಿಕ್ಷೆಯೇ 7 ವರ್ಷ ಅಥವಾ ಹೆಚ್ಚು ಇರುವಂಥದ್ದು) ಅಥವಾ ದೊಡ್ಡವರ ಜೊತೆ ಸೇರಿ ಮಾಡಿದ ಆರೋಪವಿದ್ದರೆ ಮಾತ್ರ ಎಫ್‌ಐಆರ್. ಉಳಿದದ್ದಕ್ಕೆಲ್ಲ ಠಾಣೆಯ ದಿನಚರಿ ಪುಸ್ತಕದಲ್ಲಿ ಬರೆದು, ನಮೂನೆ 1ರಲ್ಲಿ ಮಗುವಿನ ಹಿನ್ನೆಲೆ ವರದಿ ಮಾಡಿ ಮಂಡಳಿಗೆ ಕಳಿಸಬೇಕು. ಮಗುವಿನ ಹಿತಕ್ಕೆ ಬೇಕಿಲ್ಲದಿದ್ದರೆ ವಶಕ್ಕೆ ತೆಗೆದುಕೊಳ್ಳುವುದೂ ಇಲ್ಲ. ತೆಗೆದುಕೊಂಡರೆ 24 ಗಂಟೆಯೊಳಗೆ ಮಂಡಳಿ ಮುಂದೆ ತರಬೇಕು. ಲಾಕಪ್ಪಿಗೆ ಹಾಕುವಂತಿಲ್ಲ, ಕೈಕೋಳ ಹಾಕುವಂತಿಲ್ಲ. ನೀವು ಫೈಲು ತೆರೆದಾಗ ಮೊದಲು ಈ ಗಂಟೆಗಳ ಲೆಕ್ಕ ನೋಡಿ. 'ನಿನ್ನನ್ನು ಎಷ್ಟು ಹೊತ್ತಿಗೆ ಕರ್ಕೊಂಡು ಹೋದ್ರು? ರಾತ್ರಿ ಎಲ್ಲಿ ಮಲಗಿದ್ದೆ?' ಅಂತ ಹುಡುಗನನ್ನೂ ಮೆಲ್ಲಗೆ ಕೇಳಿ. ಫೈಲಿನ ಲೆಕ್ಕವೂ ಹುಡುಗನ ಉತ್ತರವೂ ತಾಳೆಯಾಗದಿದ್ದರೆ ಅದನ್ನು ಪರಿವೀಕ್ಷಣಾಧಿಕಾರಿಗೆ ತಿಳಿಸಿ.

ಆಮೇಲೆ ವಯಸ್ಸು. 18ರ ಕೆಳಗೋ ಮೇಲೋ ಅನ್ನುವುದರ ಮೇಲೆ ಇಡೀ ಕೇಸು ನಿಂತಿದೆ. ಸೆಕ್ಷನ್ 94ರಲ್ಲಿ ಕ್ರಮ ಸ್ಪಷ್ಟವಾಗಿದೆ. ಮೊದಲು ಶಾಲೆಯ ಜನ್ಮ ದಿನಾಂಕದ ಪ್ರಮಾಣಪತ್ರ ಅಥವಾ ಎಸ್ಸೆಸ್ಸೆಲ್ಸಿ ಅಂಕಪಟ್ಟಿ. ಅದಿಲ್ಲದಿದ್ದರೆ ಪಂಚಾಯಿತಿ ಅಥವಾ ನಗರಸಭೆಯ ಜನನ ಪ್ರಮಾಣಪತ್ರ. ಎರಡೂ ಇಲ್ಲದಿದ್ದರೆ ಮಾತ್ರ ಮೂಳೆ ಪರೀಕ್ಷೆ. ಆಧಾರ್ ಕಾರ್ಡು ಈ ಪಟ್ಟಿಯಲ್ಲಿಲ್ಲ. ನಮ್ಮ ಶಾಲೆಗಳ ಹಳೆಯ ದಾಖಲಾತಿ ರಿಜಿಸ್ಟರ್ ತೆಗೆದರೆ ಎಷ್ಟೊಂದು ಮಕ್ಕಳು ಜೂನ್ 1ಕ್ಕೇ ಹುಟ್ಟಿರುತ್ತಾರೆ! ಸೇರಿಸುವಾಗ ಮೇಷ್ಟ್ರು ಅಂದಾಜಿಗೆ ಬರೆದ ತಾರೀಕು ಅದು. ಆದರೂ ಕಾನೂನಿಗೆ ಅದೇ ಮೊದಲ ಸಾಕ್ಷಿ. ಹುಡುಗ ಓದಿದ ಶಾಲೆಗೆ ಹೋಗಿ, ರಿಜಿಸ್ಟರಿನ ಆ ಸಾಲನ್ನು ಕಣ್ಣಾರೆ ನೋಡಿ ಬನ್ನಿ. ಅಲ್ಲಿಗೆ ಹೋದಾಗ ಅವನಿಗೆ ಪಾಠ ಮಾಡಿದ ಟೀಚರ್ ಒಬ್ಬರನ್ನಾದರೂ ಮಾತಾಡಿಸಿ. ಆದರೆ ಎಲ್ಲರೆದುರು ಕೇಸಿನ ವಿಷಯ ಎತ್ತಬೇಡಿ.

ಇಲ್ಲಿ ನನ್ನದೇ ಒಂದು ತಪ್ಪನ್ನು ಹೇಳಬೇಕು. ಕೆಲಸಕ್ಕೆ ಸೇರಿದ ಹೊಸತು. ಕೆಲವು ವಿವರ ಬದಲಿಸಿ ಹೇಳುತ್ತೇನೆ. 15 ವರ್ಷದ ಹುಡುಗ, ವೀಕ್ಷಣಾಲಯದಲ್ಲಿದ್ದ, ಅಂದರೆ ಕೇಸು ನಡೆಯುವಾಗ ಮಕ್ಕಳನ್ನು ಇರಿಸುವ ಮನೆಯಲ್ಲಿ. ಬೆಳಿಗ್ಗೆ 11 ಗಂಟೆಗೆ ಅವನ ಮನೆಗೆ ಹೋದೆ. ಬೀಗ ಹಾಕಿತ್ತು. ಪಕ್ಕದ ಮನೆಯಾಕೆ, 'ಅವ್ಳಿಗೆ ಮಗನ ಮೇಲೆ ಜ್ಞಾನವೇ ಇಲ್ಲ, ಬೆಳಿಗ್ಗೆ ಹೋದ್ರೆ ರಾತ್ರಿಗೇ ಬರೋದು' ಅಂದರು. ನಾನು ಅದನ್ನೇ ಚೆಂದ ಮಾಡಿ 'ಮಗುವಿನ ಮೇಲೆ ತಾಯಿಯ ನಿಗಾ ಇರುವುದಿಲ್ಲ' ಅಂತ ಬರೆದೆ. ಮಕ್ಕಳ ವಿಷಯದಲ್ಲಿ ಬೇಲ್ ಕೊಡುವುದೇ ನಿಯಮ, ಸೆಕ್ಷನ್ 12 ಹಾಗೇ ಹೇಳುತ್ತದೆ. ನಿರಾಕರಿಸಲು ಮೂರೇ ಕಾರಣ. ಬಿಟ್ಟರೆ ಅಪರಾಧಿಗಳ ಸಹವಾಸಕ್ಕೆ ಬೀಳುತ್ತಾನೆ, ಅಥವಾ ನೈತಿಕವಾಗಿ, ದೈಹಿಕವಾಗಿ, ಮಾನಸಿಕವಾಗಿ ಅಪಾಯಕ್ಕೆ ಸಿಗುತ್ತಾನೆ, ಅಥವಾ ನ್ಯಾಯದ ಉದ್ದೇಶವೇ ಕೆಡುತ್ತದೆ ಅನ್ನಲು ಆಧಾರ ಇರಬೇಕು. ನನ್ನ ಆ ಒಂದು ವಾಕ್ಯ ಎರಡನೇ ಕಾರಣಕ್ಕೆ ಆಧಾರವಾಯಿತು. ಹುಡುಗ ಒಳಗೇ ಉಳಿದ.

ಮನಸ್ಸು ತಡೆಯದೆ ಇನ್ನೊಂದು ದಿನ ರಾತ್ರಿ 8ಕ್ಕೆ ಹೋದೆ. ತಾಯಿ ಆಗಷ್ಟೇ ಗಾರ್ಮೆಂಟ್ಸಿನಿಂದ ಬಂದಿದ್ದರು. ಕೊರಳಲ್ಲಿ ಫ್ಯಾಕ್ಟರಿಯ ಐಡಿ ಕಾರ್ಡು ಹಾಗೇ ಇತ್ತು. ನಿಂತಲ್ಲೇ ಮುದ್ದೆಗೆ ಎಸರಿಟ್ಟಿದ್ದರು. ಗೋಡೆಯ ಮೊಳೆಗೆ ಹುಡುಗನ ಸ್ಕೂಲ್ ಬ್ಯಾಗು ನೇತು ಹಾಕಿತ್ತು. ಅದರ ಮೇಲೆ ಧೂಳಿರಲಿಲ್ಲ. 'ಭಾನುವಾರ ಭಾನುವಾರ ಒರೆಸ್ತೀನಿ ಮೇಡಂ, ಬಂದ್ ಮೇಲೆ ಮತ್ತೆ ಸೇರಿಸ್ಬೇಕಲ್ಲ' ಅಂದರು. ಸ್ತ್ರೀಶಕ್ತಿ ಸಂಘದಲ್ಲಿ ಸಾಲ ತೆಗೆದು ಅವನ ಫೀಸು ಕಟ್ಟಿದ ಪಾಸ್‌ಬುಕ್ ತೋರಿಸಿದರು. ಮಾರನೇ ದಿನವೇ ಪೂರಕ ವರದಿ ಬರೆದು ಕೊಟ್ಟೆ. ಹುಡುಗ ಮನೆಗೆ ಬಂದ. ಅಷ್ಟರಲ್ಲಿ 19 ದಿನ ಕಳೆದಿದ್ದವು. ಆ 19 ದಿನ ಅವನು ಒಳಗಿದ್ದದ್ದು ನನ್ನ ವಾಕ್ಯದಿಂದ. ಈಗಲೂ ವಿದ್ಯಾರ್ಥಿಗಳ ವರದಿಯಲ್ಲಿ 'ನಿಗಾ ಇಲ್ಲ', 'ಕೆಟ್ಟ ವಾತಾವರಣ' ಅನ್ನುವ ಮಾತು ಕಂಡರೆ ನಾನು ಕೆಂಪು ಪೆನ್ನು ಹಿಡಿಯುತ್ತೇನೆ. ಕಂಡದ್ದನ್ನು ಬರೆಯಿರಿ. 'ತಾಯಿ ಬೆಳಿಗ್ಗೆ 8ರಿಂದ ಸಂಜೆ 7ರವರೆಗೆ ಕೆಲಸದಲ್ಲಿರುತ್ತಾರೆ, ಆ ಹೊತ್ತಿನಲ್ಲಿ ಮನೆಯಲ್ಲಿ ಅಜ್ಜಿ ಇರುತ್ತಾರೆ' ಅಂತ ಬರೆದರೆ ಮಂಡಳಿಗೆ ಆಲೋಚಿಸಲು ಏನೋ ಸಿಗುತ್ತದೆ.

ಭಾಷೆಯ ವಿಷಯ ಬಂತು, ಅದನ್ನೂ ಹೇಳಿಬಿಡುತ್ತೇನೆ. ಕಾಯ್ದೆಯ ಸೆಕ್ಷನ್ 3ರಲ್ಲಿ 16 ತತ್ವಗಳಿವೆ. ಅದರಲ್ಲಿ ಒಂದು, ಮಗುವಿಗೆ ಕಳಂಕ ಹಚ್ಚುವ ಮಾತು ಬಳಸಬಾರದು ಅನ್ನುವುದು. ಬಾಲಾಪರಾಧಿ, ಆರೋಪಿ, ಬಂಧನ, ಈ ಪದಗಳು ನಿಮ್ಮ ಪೆನ್ನಿನಿಂದ ಬರಬಾರದು. ಇನ್ನೊಂದು, ಮಗು ನಿರಪರಾಧಿ ಅಂತಲೇ ಭಾವಿಸಿ ನಡೆಯಬೇಕು. ಅದಕ್ಕೇ ಹುಡುಗನನ್ನು 'ನಿಜ ಹೇಳು, ನೀನೇ ತಾನೇ ತೆಗೆದಿದ್ದು?' ಅಂತ ಕೇಳಬೇಡಿ. ತಪ್ಪೊಪ್ಪಿಗೆ ಬರೆಸುವುದು ನಿಮ್ಮ ಕೆಲಸ ಅಲ್ಲವೇ ಅಲ್ಲ. ಅವನ ದಿನ ಹೇಗೆ ಕಳೆಯುತ್ತದೆ, ಯಾರ ಜೊತೆ ಓಡಾಡುತ್ತಾನೆ, ದುಡ್ಡು ಬೇಕಾದಾಗ ಯಾರನ್ನು ಕೇಳುತ್ತಾನೆ, ಇದನ್ನು ಕೇಳಿ. ಮಕ್ಕಳ ಹಿಂದೆ ದೊಡ್ಡವರು ಯಾರಾದರೂ ಇದ್ದಾರಾ ಅಂತ ನಮೂನೆ 6 ಕೂಡ ಕೇಳುತ್ತದೆ. ಕದ್ದ ಫೋನನ್ನು ಹುಡುಗರಿಂದ ಇಷ್ಟಿಷ್ಟಕ್ಕೆ ಅಂತ ಕೊಳ್ಳುವವನು ಒಬ್ಬ ಇದ್ದೇ ಇರುತ್ತಾನೆ. ಮಕ್ಕಳನ್ನು ಕಾನೂನುಬಾಹಿರ ಕೆಲಸಕ್ಕೆ ಬಳಸುವ ದೊಡ್ಡವರಿಗೆ ಸೆಕ್ಷನ್ 83ರಲ್ಲಿ 7 ವರ್ಷದವರೆಗೆ ಕಠಿಣ ಶಿಕ್ಷೆ, 5 ಲಕ್ಷ ರೂಪಾಯಿ ದಂಡ ಇದೆ. ಅಂಥವನು ಸಿಕ್ಕಿದ್ದು ಮಾತ್ರ ನಾನು ಕಂಡಂತೆ ಬಹಳ ಕಮ್ಮಿ, ಯಾಕಂದ್ರೆ ಕೇಳಬೇಕಾದ ಆ ಪ್ರಶ್ನೆಯನ್ನೇ ಯಾರೂ ಕೇಳಿರುವುದಿಲ್ಲ.

ಇನ್ನು ಕುಟುಂಬ ಕಾನೂನು. ಪುಸ್ತಕದಲ್ಲಿ ಅದು ಬೇರೆ ಘಟಕ, ನಿಜ. ನೀವು ಹೋಗುವ ಮನೆಯಲ್ಲಿ ಅದು ಬೇರೆಯಾಗಿರುವುದಿಲ್ಲ. ನಾನು ಕಂಡ ಎಷ್ಟೋ ಮನೆಗಳಲ್ಲಿ ನಾಲ್ಕು ಫೈಲು ಒಟ್ಟಿಗೆ ಇದ್ದವು. ಮಗನದು ಬಾಲ ನ್ಯಾಯ ಮಂಡಳಿಯಲ್ಲಿ. ಕುಡಿದು ಬಂದು ಹೊಡೆಯುವ ಗಂಡನ ಬಗ್ಗೆ ತಾಯಿಯ ಅರ್ಜಿ ಮ್ಯಾಜಿಸ್ಟ್ರೇಟ್ ಹತ್ತಿರ. ಹತ್ತನೇ ಕ್ಲಾಸಿನ ಮಗಳಿಗೆ ಗಂಡು ಗೊತ್ತಾಗಿದ್ದು ಮಕ್ಕಳ ಕಲ್ಯಾಣ ಸಮಿತಿಗೆ ಬಂದ ದೂರಿನಲ್ಲಿ. ಚಿಕ್ಕ ಮಗು ಯಾರ ಹತ್ತಿರ ಇರಬೇಕು ಅನ್ನುವ ಜಗಳ ಕೌಟುಂಬಿಕ ನ್ಯಾಯಾಲಯದಲ್ಲಿ. ಒಬ್ಬ ಅಧಿಕಾರಿಗೆ ಇನ್ನೊಬ್ಬರ ಫೈಲು ಗೊತ್ತಿಲ್ಲ. ಆ ಹೊಸ್ತಿಲು ದಾಟಿ ಒಳಗೆ ಹೋಗುವವರು ನೀವು. ನಾಲ್ಕೂ ಒಂದೇ ಮನೆಯ ಕಥೆ ಅಂತ ಕಾಣುವುದು ನಿಮಗೆ ಮಾತ್ರ.

ಹಾಗಾಗಿ ಆ ಮನೆಯಲ್ಲಿ ಕಣ್ಣು ತೆರೆದು ಕೂರಿ. ತಾಯಿಯ ಕೈಮೇಲೆ ಬಾಸುಂಡೆ ಕಂಡರೆ 2005ರ ಕೌಟುಂಬಿಕ ದೌರ್ಜನ್ಯ ಕಾಯ್ದೆ ನೆನಪಿಗೆ ಬರಬೇಕು. ನಮ್ಮ ರಾಜ್ಯದಲ್ಲಿ ಸಿಡಿಪಿಒಗಳೇ (ಶಿಶು ಅಭಿವೃದ್ಧಿ ಯೋಜನಾಧಿಕಾರಿಗಳು) ಆ ಕಾಯ್ದೆಯ ಸಂರಕ್ಷಣಾಧಿಕಾರಿಗಳು. ಯಾರು ಬೇಕಾದರೂ ಅವರಿಗೆ ಮಾಹಿತಿ ಕೊಡಬಹುದು. ಒಳ್ಳೆ ಮನಸ್ಸಿನಿಂದ ಕೊಟ್ಟವರ ಮೇಲೆ ಕೇಸು ಬರುವುದಿಲ್ಲ ಅಂತ ಸೆಕ್ಷನ್ 4 ಭರವಸೆ ಕೊಡುತ್ತದೆ. ಆ ಕಾಯ್ದೆಯಲ್ಲಿ ರಕ್ಷಣೆಯ ಆದೇಶ, ಅದೇ ಮನೆಯಲ್ಲಿ ಉಳಿಯುವ ಹಕ್ಕು, ಖರ್ಚಿಗೆ ಹಣ, ಮಕ್ಕಳನ್ನು ತಾತ್ಕಾಲಿಕವಾಗಿ ತನ್ನ ಹತ್ತಿರ ಇಟ್ಟುಕೊಳ್ಳುವುದು, ಎಲ್ಲ ಒಂದೇ ಅರ್ಜಿಯಲ್ಲಿ ಕೇಳಬಹುದು. ವಕೀಲರಿಗೆ ದುಡ್ಡಿಲ್ಲ ಅಂದರೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಕಳಿಸಿ. 1987ರ ಕಾಯ್ದೆ ಪ್ರಕಾರ ಹೆಂಗಸರಿಗೂ ಮಕ್ಕಳಿಗೂ ಅಲ್ಲಿ ಪುಕ್ಕಟೆ ವಕೀಲರು ಸಿಗುತ್ತಾರೆ. ಆದರೆ ಆ ತಾಯಿಯನ್ನು ಕೇಳದೆ, ಅವರ ಮನಸ್ಸು ತಿಳಿಯದೆ ಓಡಬೇಡಿ. ನೀವು ಹೊರಟುಹೋದ ಮೇಲೆ ಆ ರಾತ್ರಿ ಆ ಮನೆಯಲ್ಲಿ ಇರಬೇಕಾದವರು ಅವರು.

ಹುಡುಗಿಯ ಮದುವೆ ಮಾತು ಕಿವಿಗೆ ಬಿದ್ದರೆ ಮಾತ್ರ ಕಾಯುವ ಹಾಗಿಲ್ಲ. ಮದುವೆಯ ಅಪಾಯದಲ್ಲಿರುವ ಮಗು ಬಾಲ ನ್ಯಾಯ ಕಾಯ್ದೆಯಲ್ಲೇ ಪೋಷಣೆ ಮತ್ತು ರಕ್ಷಣೆ ಬೇಕಾದ ಮಗು. ಮಕ್ಕಳ ಸಹಾಯವಾಣಿ 1098ಕ್ಕೆ ಅಥವಾ ಮಕ್ಕಳ ಕಲ್ಯಾಣ ಸಮಿತಿಗೆ ತಿಳಿಸಿ. ಮ್ಯಾಜಿಸ್ಟ್ರೇಟ್ ತಡೆಯಾಜ್ಞೆ ಕೊಡಬಹುದು. ಕರ್ನಾಟಕದವರು ಇಲ್ಲಿ ಒಂದು ವಿಷಯ ನೆನಪಿಡಬೇಕು. 2006ರ ಕೇಂದ್ರ ಕಾಯ್ದೆಯಲ್ಲಿ ಬಾಲ್ಯವಿವಾಹವನ್ನು ರದ್ದು ಮಾಡಿಸಿಕೊಳ್ಳಬೇಕಾದರೆ ಸಾಮಾನ್ಯವಾಗಿ ಆ ಹುಡುಗಿಯೇ ಕೋರ್ಟಿಗೆ ಹೋಗಬೇಕು. ನಮ್ಮ ರಾಜ್ಯದ 2016ರ ತಿದ್ದುಪಡಿ ಆ ಮದುವೆ ಮೊದಲಿನಿಂದಲೇ ಅನೂರ್ಜಿತ ಅನ್ನುತ್ತದೆ. 2017ರಲ್ಲಿ ಇಂಡಿಪೆಂಡೆಂಟ್ ಥಾಟ್ ಪ್ರಕರಣದ ತೀರ್ಪು ಕೊಡುವಾಗ ಸುಪ್ರೀಂ ಕೋರ್ಟ್ ಇದನ್ನು ಹೆಸರೆತ್ತಿ ಮೆಚ್ಚಿಕೊಂಡಿತು. ಪರೀಕ್ಷೆಯಲ್ಲಿ ಬರೆದರೆ ಅಂಕ ಬರುತ್ತದೆ. 'ಆಗಿಹೋಗಿದೆ, ಇನ್ನೇನು ಮಾಡೋಕಾಗುತ್ತೆ' ಅನ್ನುವ ಅಪ್ಪ ಅಮ್ಮನಿಗೆ ವಿವರಿಸಿ ಹೇಳಲೂ ಬೇಕಾಗುತ್ತದೆ.

ಮಗು ಲೈಂಗಿಕ ದೌರ್ಜನ್ಯದ ವಿಷಯ ಹೇಳಿಕೊಂಡರೆ? ಹೊಸಬರು ಜಾಸ್ತಿ ಎಡವುವುದು ಇಲ್ಲೇ. 'ನನ್ ಹತ್ರ ಹೇಳು, ಯಾರಿಗೂ ಹೇಳಲ್ಲ' ಅಂತ ಮಾತು ಕೊಟ್ಟುಬಿಡುತ್ತಾರೆ. ಪೋಕ್ಸೊ, ಅಂದರೆ ಲೈಂಗಿಕ ದೌರ್ಜನ್ಯದಿಂದ ಮಕ್ಕಳನ್ನು ರಕ್ಷಿಸುವ ಕಾಯ್ದೆಯ ಸೆಕ್ಷನ್ 19 ಪ್ರಕಾರ ವಿಷಯ ಗೊತ್ತಾದ ಯಾರೇ ಆಗಲಿ ಪೊಲೀಸರಿಗೆ ತಿಳಿಸಲೇಬೇಕು. ತಿಳಿಸದಿದ್ದರೆ 6 ತಿಂಗಳವರೆಗೆ ಜೈಲು, ಇಲ್ಲವೇ ದಂಡ, ಇಲ್ಲವೇ ಎರಡೂ. ನೀವು ಕೊಟ್ಟ ಮಾತನ್ನು ಕಾನೂನು ಮುರಿಸುತ್ತದೆ, ಮಗು ಇನ್ನೊಮ್ಮೆ ಮೋಸ ಹೋಗುತ್ತದೆ. ಅದರ ಬದಲು ಮಾತು ಶುರುವಾಗುವ ಮೊದಲೇ ಹೇಳಿಬಿಡಿ: 'ನಿನಗೆ ಯಾರಾದರೂ ನೋವು ಮಾಡಿದ್ದರೆ ನಾನು ಅದನ್ನು ಒಬ್ಬಳೇ ಇಟ್ಟುಕೊಳ್ಳೋಕೆ ಆಗಲ್ಲ. ಯಾರಿಗೆ ಹೇಳುತ್ತೇನೆ ಅಂತ ನಿನಗೆ ಹೇಳಿಯೇ ಹೇಳುತ್ತೇನೆ.'

ಕೌಟುಂಬಿಕ ನ್ಯಾಯಾಲಯಕ್ಕೆ ನೀವು ಮುಂದೆ ಆಪ್ತಸಮಾಲೋಚಕಿಯಾಗಿ ಹೋಗಬಹುದು. 1984ರ ಕಾಯ್ದೆಯೇ ಅಲ್ಲಿ ಸಮಾಲೋಚಕರಿಗೆ ಜಾಗ ಕೊಟ್ಟಿದೆ. ಮೊದಲು ರಾಜಿಗೆ ಪ್ರಯತ್ನಿಸಬೇಕು ಅಂತಲೂ ಹೇಳಿದೆ. ಆದರೆ ಹೊಡೆತ ಇರುವ ಕಡೆ ಗಂಡ ಹೆಂಡತಿಯನ್ನು ಒಂದೇ ಕೋಣೆಯಲ್ಲಿ ಕೂರಿಸಿ 'ಹೊಂದ್ಕೊಂಡು ಹೋಗಿ' ಅನ್ನುವುದು ಸಮಾಲೋಚನೆ ಅಲ್ಲ ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ. ಅಲ್ಲಿ ಆಕೆ ಬಾಯಿ ಬಿಡುವುದಿಲ್ಲ. ಮೊದಲು ಒಬ್ಬರನ್ನೇ ಮಾತಾಡಿಸಿ. ಮಗು ಯಾರ ಹತ್ತಿರ ಇರಬೇಕು ಅನ್ನುವಲ್ಲಿ ಹಿಂದೂ ಅಪ್ರಾಪ್ತರ ಪಾಲನೆಯ 1956ರ ಕಾಯ್ದೆ, 5 ವರ್ಷದೊಳಗಿನ ಮಗು ಸಾಮಾನ್ಯವಾಗಿ ತಾಯಿಯ ಹತ್ತಿರ ಅನ್ನುತ್ತದೆ. ಎಲ್ಲಕ್ಕಿಂತ ಮೇಲೆ ಮಗುವಿನ ಹಿತ ಅಂತಲೂ ಹೇಳುತ್ತದೆ. ಎಲ್ಲ ಧರ್ಮದವರಿಗೂ ಅನ್ವಯಿಸುವ 1890ರ ಪಾಲಕರ ಕಾಯ್ದೆ, ಬುದ್ಧಿ ಬಂದ ಮಗುವಿನ ಇಷ್ಟವನ್ನೂ ಪರಿಗಣಿಸಬಹುದು ಅನ್ನುತ್ತದೆ. ಇಷ್ಟ ತಿಳಿಯಲು ಕೋರ್ಟಿನ ಜಗಲಿಯಲ್ಲಿ ನಿಲ್ಲಿಸಿ 'ಅಪ್ಪ ಬೇಕಾ, ಅಮ್ಮ ಬೇಕಾ' ಅಂತ ಕೇಳುವುದನ್ನು ನೋಡಿದ್ದೇನೆ. ಏಳು ವರ್ಷದ ಒಂದು ಮಗು ಆ ಪ್ರಶ್ನೆಗೆ ತನ್ನ ಫ್ರಾಕಿನ ಗುಂಡಿಯನ್ನೇ ತಿರುವುತ್ತಾ ನಿಂತಿತ್ತು. ಹಾಗೆ ಕೇಳಬೇಡಿ. ಬೆಳಿಗ್ಗೆ ಯಾರು ತಲೆ ಬಾಚುತ್ತಾರೆ, ಸ್ಕೂಲ್ ಡೈರಿಗೆ ಯಾರು ಸಹಿ ಹಾಕುತ್ತಾರೆ, ಜ್ವರ ಬಂದಾಗ ಯಾರ ಪಕ್ಕ ಮಲಗಿದ್ದೆ ಅಂತ ಕೇಳಿ. ಸಾಕಷ್ಟು ತಿಳಿಯುತ್ತದೆ.

ನಿಮ್ಮ ಪ್ರಶ್ನೆಪತ್ರಿಕೆಯಲ್ಲಿ ಬಹುಶಃ ಪ್ರಾಥಮಿಕ ಮೌಲ್ಯಮಾಪನ ಬರುತ್ತದೆ. ಚಿಕ್ಕದಾಗಿ ಹೇಳುತ್ತೇನೆ. 16 ತುಂಬಿದ ಮಗುವಿನ ಮೇಲೆ ಘೋರ ಅಪರಾಧದ, ಅಂದರೆ ಕನಿಷ್ಠ ಶಿಕ್ಷೆಯೇ 7 ವರ್ಷ ಅಥವಾ ಹೆಚ್ಚು ಇರುವ ಅಪರಾಧದ ಆರೋಪ ಬಂದರೆ, ದೊಡ್ಡವರಂತೆ ವಿಚಾರಣೆ ನಡೆಸಬೇಕೇ ಅಂತ ಮಂಡಳಿ ನೋಡುತ್ತದೆ. 2015ರ ಕಾಯ್ದೆಗೆ ಇದು ಸೇರಿದ್ದು 2012ರ ದೆಹಲಿ ಸಾಮೂಹಿಕ ಅತ್ಯಾಚಾರ ಘಟನೆಯ ನಂತರದ ಒತ್ತಡದಲ್ಲಿ. ನೋಡಬೇಕಾದದ್ದು ಮಗುವಿನ ದೈಹಿಕ ಮಾನಸಿಕ ಸಾಮರ್ಥ್ಯ, ಪರಿಣಾಮ ತಿಳಿಯುವ ಶಕ್ತಿ, ಘಟನೆಯ ಸನ್ನಿವೇಶ. ತಪ್ಪು ಮಾಡಿದ್ದಾನೋ ಇಲ್ಲವೋ ಅನ್ನುವ ಪ್ರಶ್ನೆಯೇ ಅಲ್ಲಿಲ್ಲ. ಮಂಡಳಿಯಲ್ಲಿ ಮಕ್ಕಳ ಮನಶ್ಶಾಸ್ತ್ರ ಓದಿದವರು ಇಲ್ಲದಿದ್ದರೆ ತಜ್ಞರ ಸಹಾಯ ಪಡೆಯಲೇಬೇಕು ಅಂತ ಸುಪ್ರೀಂ ಕೋರ್ಟ್ 2022ರಲ್ಲಿ ಬರುಣ್ ಚಂದ್ರ ಠಾಕೂರ್ ಪ್ರಕರಣದಲ್ಲಿ ಹೇಳಿದೆ. ನಿಮ್ಮ ಹುಡುಗನ ಮೊಬೈಲ್ ಕೇಸಿಗೂ ಇದಕ್ಕೂ ಸಂಬಂಧವಿಲ್ಲ. ಅವನ ವಿಚಾರಣೆ 4 ತಿಂಗಳಲ್ಲಿ ಮುಗಿಯಬೇಕು, 2 ತಿಂಗಳು ಮುಂದುವರಿಸಬಹುದು. ಸಣ್ಣ ಅಪರಾಧವಾಗಿದ್ದು ಆಗಲೂ ಮುಗಿಯದಿದ್ದರೆ ಕೇಸೇ ಕೊನೆಯಾಗುತ್ತದೆ. ನಿಮ್ಮ ವರದಿಗೆ ಇರುವುದು 15 ದಿನ.

ಕಡೆಯದಾಗಿ ನಿಮ್ಮ ಫೀಲ್ಡ್‌ವರ್ಕ್ ದಾಖಲೆ. ಅದರಲ್ಲಿ ಹುಡುಗನ ಹೆಸರು, ಊರು, ಶಾಲೆ ಬರೆಯಬೇಡಿ. ಮನೆಯ ಫೋಟೊ ತೆಗೆದು ಕ್ಲಾಸಿನ ಪಿಪಿಟಿಗೆ ಹಾಕಬೇಡಿ. 'ಇವತ್ತಿನ ಭೇಟಿ' ಅಂತ ವಾಟ್ಸಾಪ್ ಸ್ಟೇಟಸ್ ಅಂತೂ ಬೇಡವೇ ಬೇಡ. ಮಗುವಿನ ಗುರುತು ಬಯಲು ಮಾಡಿದರೆ ಬಾಲ ನ್ಯಾಯ ಕಾಯ್ದೆಯ ಸೆಕ್ಷನ್ 74ರಲ್ಲಿ 6 ತಿಂಗಳವರೆಗೆ ಜೈಲು ಅಥವಾ 2 ಲಕ್ಷದವರೆಗೆ ದಂಡ, ಇಲ್ಲವೇ ಎರಡೂ ಇದೆ. ವಿದ್ಯಾರ್ಥಿಗಳಿಗೆ ಅಂತ ವಿನಾಯಿತಿ ಇಲ್ಲ. ಮಂಡಳಿಗೆ ಹೋಗುವ ವರದಿ ಕೂಡ ಗೌಪ್ಯ. ಜೆರಾಕ್ಸ್ ಅಂಗಡಿಯಲ್ಲಿ ಬಿಟ್ಟು ಬಂದವರನ್ನು ಕಂಡಿದ್ದೇನೆ, ಅದಕ್ಕೇ ಹೇಳಿದೆ.

ಈ ವಾರ ನಮೂನೆ 6ನ್ನು ಎರಡು ಸಲ ಓದಿ. ಜೊತೆಗೆ ಸೆಕ್ಷನ್ 3, 10, 12, 18, 94, ಅಷ್ಟು ಸಾಕು. 18ರಲ್ಲಿ ಮಂಡಳಿ ಏನೇನು ಆದೇಶ ಮಾಡಬಹುದು ಅಂತ ಇದೆ: ಬುದ್ಧಿ ಹೇಳಿ ಕಳಿಸುವುದು, ಗುಂಪು ಸಮಾಲೋಚನೆ, ಸಮುದಾಯ ಸೇವೆ, ಪರಿವೀಕ್ಷಣೆಯಲ್ಲಿ ಬಿಡುವುದು, ಹೀಗೆ. ನಿಮ್ಮ ಶಿಫಾರಸು ಆ ಪಟ್ಟಿಯೊಳಗೇ ಇರಬೇಕು, ಆ ಊರಿನಲ್ಲಿ ನಡೆಯುವಂಥದ್ದೂ ಆಗಿರಬೇಕು. ಹೊರಡುವ ಹಿಂದಿನ ದಿನ ಪರಿವೀಕ್ಷಣಾಧಿಕಾರಿಯಿಂದ ತಾಯಿಯ ನಂಬರ್ ತೆಗೆದುಕೊಂಡು ಒಂದು ಫೋನ್ ಮಾಡಿ. ಅವರು ಎಷ್ಟು ಹೊತ್ತಿಗೆ ಮನೆಯಲ್ಲಿ ಇರುತ್ತಾರೆ ಅಂತ ಕೇಳಿ, ಆ ಹೊತ್ತಿಗೇ ಹೋಗಿ.